ಸಭಾಂಗಣ ತುಂಬಿಸುವ ಕೆಲಸ

ಕಾರ್ಯಕ್ರಮಕ್ಕೆ ಜನ ಸೇರಿಸುವುದೇ ಹೊಟ್ಟೆಪಾಡಾದವನು ನಗೆಪಾಟಲಾಗಲು ಬೇರೆ ಪ್ರಯತ್ನ ಮಾಡಬೇಕಾಗಿಲ್ಲ. ತಿಂಗಳಿಗೆ ಎರಡು ಸಲ ಅದು ತಾನಾಗಿಯೇ ಒದಗಿ ಬರುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ವಿಶಾಖಪಟ್ಟಣದ ಒಂದು ವಿಶ್ವವಿದ್ಯಾಲಯದ ಸಾಂಸ್ಕೃತಿಕ ವಿಭಾಗದಲ್ಲಿದ್ದೆ. ವಿಭಾಗ ಎಂದರೆ ಒಂದು ಮೇಜು, ಒಂದು ಸೈಕ್ಲೋಸ್ಟೈಲ್ ಯಂತ್ರ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಅಟೆಂಡರ್, ಮತ್ತು ಚಿತ್ರದುರ್ಗದಿಂದ ಬಂದ ನಾನು. ಪ್ರತಿ ತಿಂಗಳು ‘ಮುಂಬರುವ ಕಾರ್ಯಕ್ರಮಗಳು’ ಎಂಬ ಹಾಳೆ ತಯಾರಿಸಿ ಎಲ್ಲ ನೋಟಿಸ್ ಬೋರ್ಡುಗಳಿಗೂ ಅಂಟಿಸುವುದು ನನ್ನ ಕೆಲಸ. ಉಪನ್ಯಾಸ, ನೃತ್ಯ, ಸಂಗೀತ, ನಾಟಕ, ಎಲ್ಲವೂ ಉಚಿತ, ಎಲ್ಲರಿಗೂ ಸ್ವಾಗತ. ಹಾಳೆಯ ಕೆಳಗೆ ಉಳಿದ ಖಾಲಿ ಜಾಗದಲ್ಲಿ ವಿದ್ಯಾರ್ಥಿಗಳು ಹಾಸ್ಟೆಲ್ ಸಾಂಬಾರಿನ ಬಗ್ಗೆ ತಮ್ಮ ಅಭಿಪ್ರಾಯ ಬರೆಯುತ್ತಿದ್ದರು. ಆ ಹಾಳೆಯಿಂದ ಆಗುತ್ತಿದ್ದ ಉಪಯೋಗ ಅಷ್ಟೇ.

ಒಂದು ದಿನ ರಿಜಿಸ್ಟ್ರಾರ್ ಕರೆದರು. "ಎಂಟುನೂರು ಸೀಟಿನ ಆಡಿಟೋರಿಯಂ ಇದೆ. ಒಂದೇ ಒಂದು ಸಲ ತುಂಬಿಸಿ ತೋರಿಸಿ. ಈ ವರ್ಷದೊಳಗೆ ತುಂಬಲಿಲ್ಲ ಅಂದರೆ ವಿಭಾಗ ಕ್ಲೋಸ್. ನಿಮ್ಮನ್ನ ಎಲ್ಲಿಗೆ ಹಾಕಬೇಕೋ ಆಮೇಲೆ ನೋಡೋಣ."

ಸಂಬಳ ತೆಗೆದುಕೊಂಡು ಸಂಗೀತ ಕೇಳುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ? ಖಾಲಿ ಕುರ್ಚಿಗಳ ಮುಂದೆ ಕಲಾವಿದರು ನುಡಿಸುವಾಗ ನನಗೆ ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಾಚಿಕೊಂಡೇ ಸುಖಪಡುತ್ತಿದ್ದೆ. ಆ ಮೇಜು ಬಿಟ್ಟು ಬದುಕುವುದನ್ನು ಯೋಚಿಸಲೂ ನನ್ನಿಂದಾಗುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅನಕಾಪಲ್ಲಿಯವಳು, ತೆಲುಗಿನವಳು. ಮದುವೆಯಾಗಿ ಹತ್ತು ವರ್ಷದಲ್ಲಿ ನನ್ನನ್ನು ಬಯ್ಯಲು ಸಾಕಾಗುವಷ್ಟು ಕನ್ನಡ ಕಲಿತಿದ್ದಳು; ನಮ್ಮ ‘ರೀ’ ಬದಲು ತೆಲುಗಿನ ‘ಅಂಡಿ’ಯನ್ನು ಮಾತ್ರ ಬಿಟ್ಟಿರಲಿಲ್ಲ.

"ಎಂಟುನೂರು ಜನಾನಾ? ನಮ್ಮ ಮದುವೆಗೇ ಬರ್ಲಿಲ್ಲ ಕದಂಡಿ ಅಷ್ಟು ಜನ. ಅಲ್ಲಿ ಊಟ ಬೇರೆ ಹಾಕಿದ್ವಿ," ಎಂದಳು.

೧. ಪಕ್ಕದ ಸಭೆ

ಮೊದಲನೆಯದು ಪ್ರಾಚೀನ ಬಂದರುಗಳ ಬಗ್ಗೆ ಒಂದು ಉಪನ್ಯಾಸ. ದೂರದ ಊರಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಬರುವವರಿದ್ದರು. ನಾನು ಎಲ್ಲ ಇಲಾಖೆಗಳಿಗೂ ಅಲೆದು ಕೈಮುಗಿದು ಬಂದಿದ್ದೆ. ಸಭೆಯ ಹೊತ್ತಿಗೆ ಏಳು ಜನ ಸೇರಿದ್ದರು. ಅದರಲ್ಲಿ ನಾನು, ಅಟೆಂಡರ್, ಮೈಕಿನವನು ಮೂವರು.

ಹತ್ತು ನಿಮಿಷ ಕಾದೆವು. ಅರ್ಧ ಗಂಟೆ ಕಾದೆವು. ಪ್ರಾಧ್ಯಾಪಕರ ಸುಳಿವಿಲ್ಲ. ಅತಿಥಿಗೃಹಕ್ಕೆ ಫೋನ್ ಮಾಡಿದರೆ, "ಆಗಲೇ ಹೊರಟರಲ್ಲ" ಎಂದರು. ಅಷ್ಟರಲ್ಲಿ ಪಕ್ಕದ ಕಟ್ಟಡದಿಂದ ಭಾರೀ ಚಪ್ಪಾಳೆ ಕೇಳಿಸಿತು. ಅಲ್ಲಿ ರಸಾಯನಶಾಸ್ತ್ರದವರು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಬೀಳ್ಕೊಡುತ್ತಿದ್ದರು. ಅನುಮಾನ ಬಂದು ಓಡಿಹೋಗಿ ಇಣುಕಿದೆ. ನಮ್ಮ ಪ್ರಾಧ್ಯಾಪಕರು ವೇದಿಕೆಯ ಮೇಲೆ ನಿಂತು ಹಡಗುಗಳ ಬಗ್ಗೆ ಮಾತಾಡುತ್ತಿದ್ದಾರೆ! ಮುನ್ನೂರು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ.

ಮುಗಿದ ಮೇಲೆ ಕೇಳಿದೆ. "ಮೊದಲು ನಿಮ್ಮಲ್ಲಿಗೇ ಬಂದು ಬಾಗಿಲಿಂದ ಇಣುಕಿದ್ದೆ. ಖಾಲಿ ಇತ್ತು. ಇದಾಗಿರಲಾರದು ಅಂತ ಜನ ಇದ್ದ ಕಡೆ ಹೋದೆ. ಹೋದ ಕೂಡಲೇ ಹಾರ ಹಾಕಿದರು," ಎಂದರು.

ಆ ವರ್ಷ ನನ್ನ ಹಾಳೆಯಲ್ಲಿದ್ದ ಉಪನ್ಯಾಸಗಳಲ್ಲಿ ಅತಿ ಹೆಚ್ಚು ಜನ ಕೇಳಿದ್ದು ಅದನ್ನೇ. ನನ್ನನ್ನು ಬಿಟ್ಟು ಎಲ್ಲರಿಗೂ ಅದರಿಂದ ಸಂತೋಷವಾಯಿತು. ರಸಾಯನಶಾಸ್ತ್ರದ ಮುಖ್ಯಸ್ಥರು ನನಗೊಂದು ಪತ್ರ ಬರೆದು, ಮುಂದಿನ ಬೀಳ್ಕೊಡುಗೆಗೂ ಇಂಥವರನ್ನೇ ಕಳಿಸಿ ಎಂದು ಕೇಳಿಕೊಂಡರು.

೨. ಐದು ಬತ್ತಿ

ಒಳಗೆ ಜನ ಬರದಿದ್ದರೆ ಹೊರಗಿಡೋಣವೆಂದು ಒಂದು ನೃತ್ಯ ಕಾರ್ಯಕ್ರಮವನ್ನು ಬಯಲು ರಂಗಮಂದಿರದಲ್ಲಿಟ್ಟೆ. ಬಯಲಿನ ಸಭೆ ತುಂಬಿದರೆ ರಿಜಿಸ್ಟ್ರಾರ್ ಮನಸ್ಸು ಕರಗಬಹುದು ಎಂಬ ಆಸೆ. ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಇಳಿಜಾರು. ಜನವೂ ಬಂದರು, ಸುಳ್ಳು ಹೇಳಬಾರದು, ಇನ್ನೂರಕ್ಕೆ ಕಡಿಮೆಯಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಮುಖ್ಯ ಅತಿಥಿಗಳಾಗಿ ಬಂದ ದೊಡ್ಡ ಅಧಿಕಾರಿಯ ಕೈಕೆಳಗಿನವರು.

ಅಧಿಕಾರಿ ದೀಪ ಹಚ್ಚಲು ಎದ್ದರು. ಒಂದು ಬತ್ತಿ ಹಚ್ಚಿದರು, ಗಾಳಿಗೆ ಆರಿತು. ಅದನ್ನು ಮತ್ತೆ ಹಚ್ಚಿ ಎರಡನೆಯದಕ್ಕೆ ಹೋಗುವಾಗ ಮೊದಲನೆಯದು ಮತ್ತೆ ಆರಿತು.

"ಸರ್, ಒಂದು ಉರಿದರೆ ಸಾಕು," ಎಂದೆ.

"ಸಾಕಾ? ಐದೂ ಉರಿಯೋವರೆಗೂ ಶುರು ಮಾಡೋ ಹಾಗಿಲ್ಲ," ಎಂದರು ಅವರು. ಹೊಸದಾಗಿ ಬಡ್ತಿ ಸಿಕ್ಕಿತ್ತಂತೆ. ಅಪಶಕುನದ ಭಯ.

ನಾನು, ಅಟೆಂಡರ್, ಇಬ್ಬರು ಅಧ್ಯಾಪಕರು ದೀಪದ ಸುತ್ತ ಗೋಡೆಯಾಗಿ ನಿಂತೆವು. ಅಧ್ಯಾಪಕರು ಉತ್ತರೀಯ ಬಿಚ್ಚಿ ಅಗಲಿಸಿ ಹಿಡಿದರು. ನಾನು ವೇದಿಕೆಯ ಪರದೆಯ ಒಂದು ತುದಿ ಎಳೆದು ತಲೆಯ ಮೇಲೆತ್ತಿದೆ. ಗಾಳಿ ಬೀಸಿದ ಕಡೆಗೆಲ್ಲ ನಾಲ್ವರೂ ಒಟ್ಟಿಗೆ ಬಾಗುತ್ತಿದ್ದೆವು. ಉರಿಯುತ್ತಿದ್ದ ಕಡ್ಡಿಯೊಂದು ನನ್ನ ಪಾದದ ಮೇಲೆ ಬಿತ್ತು. ಕೊನೆಗೆ ಐದೂ ಬತ್ತಿ ಹೊತ್ತಿಕೊಳ್ಳುವಷ್ಟರಲ್ಲಿ ಅಧಿಕಾರಿಗೆ ಇನ್ನೊಂದು ಸಮಾರಂಭದ ಹೊತ್ತಾಗಿತ್ತು. ಅವರು ಹೊರಟರು. ಅವರ ಕೈಕೆಳಗಿನವರೂ ಎದ್ದರು. ಗೆಜ್ಜೆ ಕಟ್ಟಿಕೊಂಡು ಕೂತಿದ್ದ ಕಲಾವಿದೆಯರು ಉಳಿದ ಐವತ್ತು ಜನರಿಗೆ ಕುಣಿದರು.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಕೈ ಮೇಲೆತ್ತಿದ ನಾವು ನಾಲ್ವರು. ಕೆಳಗೆ, ‘ವಿಶ್ವವಿದ್ಯಾಲಯದಲ್ಲಿ ಮನಮೋಹಕ ಸಮೂಹ ನೃತ್ಯ’.

ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಎಲ್ರೂ ಚೆನ್ನಾಗೇ ಮಾಡಿದೀರಂಡಿ. ನೀವೊಬ್ರೇ ಯಾಕೆ ಕಾಲು ತಪ್ಪಾಗಿ ಎತ್ತಿದೀರಿ?"

೩. ಎರಡನೇ ದರ್ಜೆಯ ಬೋಗಿ

ವಿಜಯವಾಡದಲ್ಲಿ ಒಬ್ಬ ವೃದ್ಧ ವೈಣಿಕರಿದ್ದರು. ತಾಯಿಯ ಕಡೆಯವರು ಮೈಸೂರಿನವರು, ತಂದೆಯ ಕಡೆಯವರು ತೆಲುಗರು, ಹಾಗಾಗಿ ಎರಡು ಭಾಷೆಯನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದರು. ಅವರನ್ನು ಕರೆತರಲು ನಾನೇ ಹೋದೆ. ಹಗಲಿನ ರೈಲು, ಎರಡನೇ ದರ್ಜೆ. ವೀಣೆಯ ಪೆಟ್ಟಿಗೆ ಒಬ್ಬ ಮನುಷ್ಯನ ಜಾಗ ಹಿಡಿದಿತ್ತು. ಗನ್ನವರಂ ದಾಟುವ ಹೊತ್ತಿಗೆ ಎದುರು ಕೂತಿದ್ದ ಮುದುಕಿ ಅದರಲ್ಲೇನಿದೆ ಎಂದು ಕೇಳಿದಳು. ವೀಣೆ ಎಂದರು ಇವರು. "ನಿಜವಾಗಿ ನುಡಿಸ್ತೀಯಾ, ಸುಮ್ನೆ ಹೊತ್ಕೊಂಡು ತಿರುಗ್ತೀಯಾ?" ಎಂದಳು ಮುದುಕಿ.

ಅಷ್ಟೇ ಸಾಕಾಯಿತು. ಪೆಟ್ಟಿಗೆ ತೆಗೆದರು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ನುಡಿಸಿದರು. ಅಕ್ಕಪಕ್ಕದ ಬೋಗಿಗಳಿಂದ ಜನ ಬಂದು ಬಾಗಿಲವರೆಗೂ ನಿಂತರು. ಟಿಕೆಟ್ ನೋಡಲು ಬಂದವರು ಟಿಕೆಟ್ ಕೇಳುವುದನ್ನು ಮರೆತು ಟ್ರಂಕಿನ ಮೇಲೆ ಕೂತುಬಿಟ್ಟರು. ಇಳಿಯಬೇಕಾದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತೇವೆಂದರು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಜೀವಮಾನದಲ್ಲಿ ಅಂಥ ಸಭೆ ನೋಡಿರಲಿಲ್ಲ, ಮತ್ತು ಅದು ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ನನ್ನ ಆಡಿಟೋರಿಯಮ್ಮಿನ ಕಡೆಗೇ ಹೋಗುತ್ತಿತ್ತು.

ಮಾರನೆಯ ಸಂಜೆ ಆಡಿಟೋರಿಯಮ್ಮಿನಲ್ಲಿ ಹನ್ನೊಂದು ಜನ. ವೈಣಿಕರು ಒಂದು ಸ್ವರವನ್ನೂ ಕಡಿಮೆ ಮಾಡದೆ ಪೂರ್ತಿ ನುಡಿಸಿದರು. ನಾನು ತಲೆಯೆತ್ತಲಿಲ್ಲ. ಹೊರಡುವಾಗ ನನ್ನ ಬೆನ್ನು ಸವರಿ ಹೇಳಿದರು: "ಬೇಜಾರು ಬೇಡಂಡಿ. ಮುಂದಿನ ಸಲ ಪ್ರೋಗ್ರಾಂ ರೈಲಿನಲ್ಲೇ ಇಟ್ಟುಬಿಡಿ. ನೀವು ಸುಮ್ನೆ ಇಳಿಸ್ಕೊಂಡ್ರಿ ನನ್ನ."

೪. ತುಂಬಿದ ಸಭೆ

ವರ್ಷ ಮುಗಿಯುತ್ತ ಬಂತು. ಉಳಿದಿದ್ದು ಒಂದೇ ಕಾರ್ಯಕ್ರಮ. ಕರೆದ ಕಲಾವಿದರೆಲ್ಲ ನಮ್ಮ ಖಾಲಿ ಕುರ್ಚಿಗಳ ಕೀರ್ತಿ ಕೇಳಿ ನುಣುಚಿಕೊಂಡರು. ಒಪ್ಪಿದವರು ಆ ವೈಣಿಕರೊಬ್ಬರೇ. "ಈ ಸಲ ಜನ ಬರ್ತಾರೆ, ಸ್ವಾಮಿ," ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನಿದ್ದೆ ಬರಲಿಲ್ಲ.

ಆಗ ದರಿದ್ರ ಬುದ್ಧಿಯೊಂದು ಹೊಳೆಯಿತು. ಪರೀಕ್ಷಾ ವಿಭಾಗದಲ್ಲಿ ನನ್ನ ಸ್ನೇಹಿತರೊಬ್ಬರಿದ್ದರು. ಪರೀಕ್ಷೆಗೆ ಕೂರಲು ಬೇಕಾದ ಹಾಲ್ ಟಿಕೆಟ್ ಹಂಚುವ ದಿನ ಅವರ ಕೌಂಟರಿನಲ್ಲಿ ಪ್ರತಿ ವರ್ಷ ನೂಕುನುಗ್ಗಲು, ಕಿಟಕಿ ಗಾಜು ಪುಡಿ. ನಾನು ಹಂಚುತ್ತೇನೆ ಎಂದಾಗ ಅವರು ನನ್ನನ್ನು ತಬ್ಬಿಕೊಂಡರು. ಬೋರ್ಡಿನಲ್ಲಿ ಬರೆದೆ: ‘ಹಾಲ್ ಟಿಕೆಟ್ ವಿತರಣೆ ಆಡಿಟೋರಿಯಮ್ಮಿನಲ್ಲಿ, ವೀಣಾವಾದನ ಮುಗಿದ ತಕ್ಷಣ. ವಾದನ ಶುರುವಾದ ಮೇಲೆ ಪ್ರವೇಶವಿಲ್ಲ.’

ಎಂಟುನೂರು ಕುರ್ಚಿಯೂ ತುಂಬಿ ಮೆಟ್ಟಿಲ ಮೇಲೂ ಕೂತರು. ವೈಣಿಕರು ವೇದಿಕೆಗೆ ಬಂದು ಆ ಜನಸಾಗರ ನೋಡಿ ಒಂದು ನಿಮಿಷ ನಿಂತೇಬಿಟ್ಟರು. ಕೈಯೆತ್ತಿ ನಮಸ್ಕಾರ ಮಾಡಿದರು. ಸದ್ದು ಮಾಡಿದರೆ ಇನ್ನೂ ತಡವಾದೀತೆಂದು ಯಾರೂ ಕೆಮ್ಮಲೂ ಇಲ್ಲ. ಮೊದಲ ಕೃತಿ ಮುಗಿಯಿತು. ಇಷ್ಟೇ ಇರಬೇಕೆಂದು ಹಿಗ್ಗಿ ವಿದ್ಯಾರ್ಥಿಗಳು ಛಾವಣಿ ಹಾರುವಂತೆ ಚಪ್ಪಾಳೆ ತಟ್ಟಿದರು. ವೈಣಿಕರು ಜನಕ್ಕೆ ಇನ್ನೂ ಬೇಕೆಂದುಕೊಂಡು ಇನ್ನೊಂದು ನುಡಿಸಿದರು. ಅದೂ ಮುಗಿಯಿತು. ಇದೇ ಕೊನೆಯೆಂದು ಇನ್ನೂ ಜೋರು ಚಪ್ಪಾಳೆ. ಅವರು ಮತ್ತೊಂದು ಹಿಡಿದರು. ಜನ ಬಿಡುಗಡೆಗಾಗಿ ತಟ್ಟಿದಷ್ಟೂ ಇವರು ನುಡಿಸಿದರು, ಇವರು ನುಡಿಸಿದಷ್ಟೂ ಜನ ತಟ್ಟಿದರು. ಎರಡು ಗಂಟೆಯದು ನಾಲ್ಕು ಗಂಟೆಯಾಯಿತು. ಆಮೇಲೆ ಸುಸ್ತಾದ ಎಂಟುನೂರು ಜನ ಸಾಲಾಗಿ ಬಂದು ಹಾಲ್ ಟಿಕೆಟ್ ತೆಗೆದುಕೊಂಡು ತೆಪ್ಪಗೆ ಹೋದರು. ಆ ಹೊತ್ತಿಗೆ ವೈಣಿಕರನ್ನು ಕಾರಿನಲ್ಲಿ ಕೂರಿಸಿ ಕಳಿಸಿಯಾಗಿತ್ತು.

ಮಾರನೆಯ ದಿನ ರಿಜಿಸ್ಟ್ರಾರ್ ನನ್ನ ಕೈ ಕುಲುಕಿದರು. "ಇಷ್ಟು ಶಾಂತವಾಗಿ ಹಾಲ್ ಟಿಕೆಟ್ ಹಂಚಿದ್ದು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ನಿಮ್ಮಂಥವರು ವೀಣೆ ಕೇಳ್ಕೊಂಡು ಕೂರೋದು ವೇಸ್ಟ್. ವಿಜಯವಾಡದ ನಮ್ಮ ಪರೀಕ್ಷಾ ಉಪಕಚೇರಿಗೆ ಹಾಕಿದೀನಿ."

"ಸರ್, ನಮ್ಮ ವಿಭಾಗ?"

"ನೀವೇ ಇಲ್ಲದ ಮೇಲೆ ವಿಭಾಗ ಯಾಕೆ?"

ಹೀಗೆ ನಾನು ವಿಜಯವಾಡಕ್ಕೆ ಬಂದೆ. ಉಪಕಚೇರಿಯಿಂದ ಎರಡು ಬೀದಿ ಆಚೆ ವೈಣಿಕರ ಮನೆ. ವಿಶಾಖಪಟ್ಟಣದ ಯುವಕರು ತಮ್ಮ ವೀಣೆಗೆ ಹೇಗೆ ಮುಗಿಬಿದ್ದರೆಂದು ಅವರು ಊರಿಗೆಲ್ಲ ಹೇಳುತ್ತಿದ್ದಾರೆಂದು ಕೇಳಿದೆ. ಮುಖ ತೋರಿಸಲಾಗದೆ ಆ ಬೀದಿ ತಪ್ಪಿಸಿ ಬಿಸಿಲಲ್ಲಿ ಸುತ್ತುಹಾಕಿ ಓಡಾಡತೊಡಗಿದೆ.

ಹಾಲ್ ಟಿಕೆಟ್ ಹಂಚುವ ದಿನ ಬಂತು. ಅಂಗಳದಲ್ಲಿ ಸಾವಿರ ಜನ. ನಾನು ಜಗಲಿಯ ಮೇಲೆ ಮೈಕು ಹಿಡಿದು ನಿಂತಿದ್ದೆ. ಗುಂಪನ್ನು ಸೀಳಿಕೊಂಡು ಕೊಡೆ ಹಿಡಿದ ಒಬ್ಬರು ಮುಂದೆ ಬಂದರು. ಅವರೇ.

"ಅರೆ, ನೀವಾ! ಎಲ್ಲಿ ಹೋದ್ರೂ ಜನ ತುಂಬಿಸಿಬಿಡ್ತೀರಲ್ಲಂಡಿ! ಇವತ್ತು ಯಾರದು ಪ್ರೋಗ್ರಾಂ?"

ಕೈಯಲ್ಲಿದ್ದ ಟಿಕೆಟ್ ಕಟ್ಟನ್ನು ಬೆನ್ನ ಹಿಂದೆ ಮರೆಮಾಡಿದೆ. "ನನ್ನದೇ, ಸ್ವಾಮಿ," ಎಂದೆ.

"ಮತ್ತೆ ಒಂದು ಮಾತು ಹೇಳಬಾರದಾ? ನನ್ನದು ನೀವು ನಾಲ್ಕು ಗಂಟೆ ಕೇಳಿದೀರಿ. ನಾನೂ ಪೂರ್ತಿ ಕೇಳ್ಕೊಂಡೇ ಹೋಗ್ತೀನಿ," ಎಂದು ಕೊಡೆ ಮಡಚಿ ಎದುರಿಗಿದ್ದ ಬೆಂಚಿನ ಮೇಲೆ ಕೂತರು.

ನಾನು ಮೈಕಿನಲ್ಲಿ ನಂಬರು ಕೂಗಲು ಶುರು ಮಾಡಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು.