ಸೈರನ್ನು ಕೇಳಿಸದವನ ವೀಡಿಯೊ ಪಾಠ

ನನಗೊಂದು ದುರಭ್ಯಾಸವಿದೆ. ಯಾರು ಏನು ಹೇಳಿದರೂ "ನೀವು ಕಣ್ಣಾರೆ ಕಂಡಿರೇನು?" ಎಂದು ಕೇಳಿಬಿಡುತ್ತೇನೆ. ಏಳನೆಯ ತರಗತಿಗೇ ಶಾಲೆ ಬಿಟ್ಟು, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ದುಡಿಯುತ್ತ, ಸಿಕ್ಕ ಪುಸ್ತಕಗಳನ್ನೆಲ್ಲ ಅನುಮಾನದಿಂದಲೇ ಓದಿ ತಿಳಿವಳಿಕೆ ಗಳಿಸಿದವನು ನಾನು. ಈ ಅಭ್ಯಾಸದಿಂದ ಎರಡು ಮದುವೆಯ ಮಾತುಕತೆಗಳು ಮುರಿದಿವೆ, ಅವುಗಳಲ್ಲಿ ಒಂದು ನನ್ನದೇ. ಆದರೆ ಬಂಗಾರಪೇಟೆಯ ಕಾಲೇಜೊಂದರಲ್ಲಿ ಸ್ಥಳೀಯ ಚರಿತ್ರೆ ಕಲಿಸುವ ಅತಿಥಿ ಉಪನ್ಯಾಸಕಿ ಸುಜಾತ ಮಾತ್ರ ಇದನ್ನೇ ಯೋಗ್ಯತೆಯೆಂದು ಬಗೆದು, ಪ್ರತಿ ಮಂಗಳವಾರ ಒಂದು ಗಂಟೆ ಮಕ್ಕಳೊಡನೆ ಮಾತನಾಡಲು ನನ್ನನ್ನು ಕರೆಯುತ್ತಾರೆ.

ಈ ವರ್ಷ ಆ ಪಾಠವನ್ನು ಅರ್ಧ ಮೊಬೈಲಿಗೂ ಅರ್ಧ ತರಗತಿಗೂ ಹಂಚಬೇಕೆಂದು ಕಾಲೇಜು ತೀರ್ಮಾನಿಸಿತು. ಮಾರಿಕುಪ್ಪಂ ರೈಲನ್ನೂ ಕಾಮಸಮುದ್ರದ ಬಸ್ಸನ್ನೂ ನಂಬಿ ಬರುವ ಮಕ್ಕಳ ಪಾಲಿಗೆ ಬೆಳಗಿನ ಮೊದಲ ತರಗತಿಯೆಂಬುದು ಕೇವಲ ವದಂತಿಯಾಗಿದ್ದುದರಿಂದ ನಾನೂ ಒಪ್ಪಿದೆ. ಮನೆಯಲ್ಲಿ ವೀಡಿಯೊ ನೋಡುವುದು, ತರಗತಿಗೆ ಬಂದು ಚರ್ಚಿಸುವುದು. "ಚರ್ಚೆಗೆ ಯಾರೂ ಬರದಿದ್ದರೆ ಮುಂದಿನ ವರ್ಷ ಈ ವಿಷಯವನ್ನೇ ಕೈಬಿಡುತ್ತೇವೆ" ಎಂದರು ಪ್ರಿನ್ಸಿಪಾಲರು. ವಿಷಯ ಹೋದರೆ ಸುಜಾತ ಅವರ ಕೆಲಸವೂ ಹೋದಂತೆಯೇ.

ಗಣಿಯ ಮಗ್ಗುಲಲ್ಲೇ ಇರುವ ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ, ರಾಗಿ ಡಬ್ಬಕ್ಕೆ ಫೋನು ಒರಗಿಸಿ ಚಿತ್ರೀಕರಣ ನಡೆಯಿತು. ಫೋನು ಎದುರು ವಾದಿಸುವುದಿಲ್ಲ, ಆಕಳಿಸುವುದೂ ಇಲ್ಲ. ಅಂಥ ಕೇಳುಗ ಸಿಕ್ಕಿದ ಉತ್ಸಾಹದಲ್ಲಿ ನನ್ನ ಧೈರ್ಯ ಮಿತಿಮೀರಿತು. ಮೂರನೆಯ ವೀಡಿಯೊದಲ್ಲಿ ಹೀಗೆ ಘೋಷಿಸಿದೆ: "ಗಣಿಯ ಸೈರನ್ನು ಅಷ್ಟು ದೂರದ ಕಾಮಸಮುದ್ರದವರೆಗೂ ಕೇಳಿಸುತ್ತಿತ್ತೆಂಬುದು ಶುದ್ಧ ಕಟ್ಟುಕತೆ. ಅದರ ಬುಡದಲ್ಲೇ ಬಾಳಿದ ನನಗೇ ಬೆಳಗಿನ ಸೈರನ್ನು ಒಂದು ದಿನವೂ ಕೇಳಿಸಲಿಲ್ಲ. ನಾನಾಗಿಯೇ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ."

ಮೊದಲೆರಡು ಮಂಗಳವಾರ ಚರ್ಚೆಗೆ ಬಂದವರು ಮೂವರು, ಅವರಲ್ಲೊಬ್ಬಳು ಕೊಠಡಿ ತಪ್ಪಿ ಬಂದವಳು. ಸುಜಾತ ಅವರ ಮುಖ ನೋಡಲಾಗುತ್ತಿರಲಿಲ್ಲ. ಮೂರನೆಯ ವಾರ ಹೋದರೆ ಬೆಂಚುಗಳು ತುಂಬಿ ಬಾಗಿಲಲ್ಲೂ ಜನ! ಕಾಮಸಮುದ್ರದ ಕಡೆಯ ಮಂಜುಳ ಎದ್ದು ನಿಂತಳು.

"ಸಾರ್, ನಿಮ್ ವೀಡಿಯೊ ನೋಡಿ ನಮ್ಮಜ್ಜಿ ಉಗೀತಾ ಅವ್ರೆ."

ಅಷ್ಟು ಹೇಳಿ, ಫೋನಿನಲ್ಲಿ ಹಿಡಿದಿಟ್ಟುಕೊಂಡು ಬಂದಿದ್ದ ಅಜ್ಜಿಯ ದನಿಯನ್ನೇ ಕೇಳಿಸಿದಳು: "ಯಾವನಮ್ಮಿ ಈವಯ್ಯ? ಗಣಿ ಕಡೆಯಿಂದ ಬಡಗಲ ಗಾಳಿ ಬೀಸಿದ್ ದಿನ ಸೈರನ್ ಕೇಳ್ಕೊಂಡೇ ನಾವು ಹಾಲು ಕರ್ಯಾಕ್ ಓಗ್ತಿದ್ವಿ. ಗಾಳಿ ತಿರುಗಿದ್ರೆ ಕೇಳಿಸ್ತಿರ್ಲಿಲ್ಲ, ಡೈರಿಗೆ ತಡ ಆಗಾದು. ಆವಯ್ಯಂಗೆ ಕಿವಿ ಐತಾ ಕೇಳು!"

"ನಿಮ್ಮಜ್ಜಿ ಕಿವಿಯಾರೆ ಕೇಳಿದ್ದಾರೆಯೇ?" ಎಂದೆ ಅಭ್ಯಾಸಬಲದಿಂದ.

"ಊಂ ಸಾರ್. ನೀವು ಕೇಳಿದ್ರಾ?"

ತರಗತಿ ಘೊಳ್ಳೆಂದು ನಕ್ಕಿತು. ನಾನು ಯೋಚಿಸಿದೆ. ಕಟ್ಟುಕತೆ ಕಟ್ಟುವವರು ಕೇಳಿಸದ ದಿನಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅಜ್ಜಿ ಇಟ್ಟುಕೊಂಡಿದ್ದರು. ಸೋತೆನೆಂದು ಒಪ್ಪಿದಾಗ ಚಪ್ಪಾಳೆ ಬಿತ್ತು. ಗಲಾಟೆ ಕೇಳಿ ಇಣುಕಿದ ಪ್ರಿನ್ಸಿಪಾಲರು ತಲೆಗಳನ್ನು ಎಣಿಸಿಕೊಂಡು, "ಮುಂದಿನ ವರ್ಷವೂ ನಡೆಯಲಿ" ಎಂದು ಹೋದರು. ಸುಜಾತ ಕುರ್ಚಿಯಲ್ಲಿ ಕುಸಿದು ಕುಳಿತು ಕಣ್ಣೊರೆಸಿಕೊಂಡರು. ನನ್ನ ಎದೆಯೂ ಹಗುರಾಯಿತು. ವೀಡಿಯೊ ತಿದ್ದಿಕೊಡುತ್ತೇನೆ ಎಂದರೆ ಅವರು, "ಬೇಡ ಸಾರ್. ಪ್ರತಿ ವೀಡಿಯೊದಲ್ಲೂ ಇಂಥದ್ದೊಂದು ತಪ್ಪಿರಲಿ" ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಲೇ, "ಅದು ಕೂಗೋ ಒತ್ನಾಗೆ ನೀವು ಗೊರಕೆ ಒಡೀತಿದ್ರಿ. ದಿನಾ ನೀರು ಚಿಮುಕಿಸಿ ಎಬ್ಬಿಸ್ತಿದ್ದೋಳು ನಾನು ಕಣ್ರೀ" ಎಂದಳು.

ಇದನ್ನು ಸುಜಾತ ಅವರಿಗೆ ತಿಳಿಸಿದ್ದು ನನ್ನ ಎರಡನೆಯ ತಪ್ಪು. ನನ್ನ ಹೆಂಡತಿಯನ್ನೂ ತರಗತಿಗೆ ಕರೆತರಬೇಕೆಂದರು. ಬಂಗಾರಪೇಟೆಗೆ ಬಸ್ಸುಗಳು ಸರಿಯಿಲ್ಲವೆಂದು ನುಣುಚಿಕೊಳ್ಳಲು ನೋಡಿದೆ. "ಅದಕ್ಕೇ ತಾನೆ ಸಾರ್ ಮೊಬೈಲ್ ಪಾಠ ಮಾಡಿರೋದು?" ಎಂದರು. ಈಗ ರಾಗಿ ಡಬ್ಬದೆದುರು ಅವಳು ಸೆರಗು ಸರಿಪಡಿಸಿಕೊಂಡು ಕುಳಿತಿದ್ದಾಳೆ. ಫೋನು ಜಾರದಂತೆ ಹಿಡಿದುಕೊಳ್ಳುವ ಕೆಲಸ ನನ್ನದು.