ಚಿಕ್ಕಮ್ಮನ ಮಂಡಿ ಯುದ್ಧ

ನನ್ನ ಚಿಕ್ಕಮ್ಮ ಒಂದು ಕಿಣ್ವದ ಮೇಲೆ ಯುದ್ಧ ಸಾರಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಅಬುಧಾಬಿಯ ಖಾಲಿದಿಯಾದಲ್ಲಿರುವ ಅವರ ಫ್ಲ್ಯಾಟಿಗೆ ಒಮ್ಮೆ ಹೋಗಿ ಬನ್ನಿ. ಊಟ ಮುಗಿಸಿಕೊಂಡೇ ಹೋಗಿ, ಅಷ್ಟೇ!

ಎಲ್ಲಕ್ಕೂ ಕಾರಣ ಮೂಳೆ ಡಾಕ್ಟರರ ಒಳ್ಳೆಯತನ. ಚಿಕ್ಕಮ್ಮನ ಎಡ ಮಂಡಿ ಸವೆದಿತ್ತು. ಕೀಲಿನ ಮೆತ್ತೆಯಲ್ಲಿ ಕೊಲಾಜನ್ ಎಂಬ ನಾರು ಇರುತ್ತದೆ, ಅದನ್ನು ಕತ್ತರಿಸುವ ಕಿಣ್ವಗಳಿರುತ್ತವೆ, ಆ ಕಿಣ್ವಗಳನ್ನು ತಡೆಯುವ ವಸ್ತುವನ್ನೂ ದೇಹವೇ ತಯಾರಿಸುತ್ತದೆ, ವಯಸ್ಸಾದಂತೆ ಕತ್ತರಿಸುವವರ ಕೈ ಮೇಲಾಗುತ್ತದೆ ಎಂದು ಅವರು ಪಾಪ ಬಿಡಿಸಿ ಹೇಳಿದರು. ಮಂಡಿ ಬದಲಿಸೋಣ, ಆಮೇಲೆ ಸ್ವಲ್ಪ ಕಾಲ ಭಾರ ಎತ್ತಬೇಡಿ ಎಂದೂ ಸೇರಿಸಿದರು.

"ಭಾರ ಅಂದ್ರೆ ನನ್ನ ಗಂಡ. ಅವರನ್ನು ಬೇರೆ ಯಾರೂ ಎತ್ತುವುದು ಬೇಡ. ಖಲಾಸ್!" ಎಂದು ಚಿಕ್ಕಮ್ಮ ಎದ್ದುಬಂದರು.

ಪಾರ್ಶ್ವವಾಯು ಬಡಿದ ಮೇಲೆ ಚಿಕ್ಕಪ್ಪನ ಬಲಗೈ, ಬಲಗಾಲು ಸೋತಿವೆ, ಮಾತೂ ಹೋಗಿದೆ. ದಿನಾ ಸಂಜೆ ಅವರನ್ನು ಕುರ್ಚಿಯಿಂದ ಎಬ್ಬಿಸಿ, ಹೆಗಲು ಕೊಟ್ಟು, ಬಾಲ್ಕನಿಯವರೆಗೆ ನಡೆಸುವುದು ಚಿಕ್ಕಮ್ಮನೇ. ಒಬ್ಬ ನರ್ಸನ್ನು ಇಡೋಣವೇ ಎಂದು ಕೇಳಿದ ತಪ್ಪಿಗೆ ಮೂರು ದಿನ ನನ್ನ ಫೋನ್ ಎತ್ತಲಿಲ್ಲ.

ಯುದ್ಧದ ಮೊದಲ ಬಲಿ ಪಪ್ಪಾಯಿ ಕಾಯಿ! ಮಟನ್ ಮೆತ್ತಗಾಗಲಿ ಎಂದು ನಾವು ಅದನ್ನು ಅರೆದು ಹಚ್ಚುತ್ತೇವಲ್ಲ? ಅದರಲ್ಲೂ ನಾರು ಕತ್ತರಿಸುವ ಕಿಣ್ವವೇ ಇರುವುದು.

"ಆಡಿನ ನಾರನ್ನೇ ಕರಗಿಸುವಂಥದ್ದು ನನ್ನ ಮಂಡಿಯನ್ನು ಬಿಡ್ತದಾ?"

"ತಿಂದದ್ದು ಹೊಟ್ಟೆಗೆ ಹೋಗುವುದು ಚಿಕ್ಕಮ್ಮ, ಮಂಡಿಗಲ್ಲ."

"ಹೊಟ್ಟೆಯಿಂದ ಮಂಡಿಗೆ ಎಷ್ಟು ದೂರ ಉಂಟು ಮಾರಾಯ? ದುಬೈಯ ನಿನ್ನ ಅಲ್ ನಹ್ದಾದಿಂದ ಪಕ್ಕದ ಶಾರ್ಜಾಕ್ಕೆ ಇರುವಷ್ಟೂ ಇಲ್ಲ!"

ಆ ಶನಿವಾರ ದುಬೈಯಿಂದ ಹೋದ ನಾವು ಅವರ ಮಟನ್ ಸುಕ್ಕವನ್ನು ದವಡೆ ನೋಯುವಷ್ಟು ಅಗಿದೆವು. ನನ್ನ ಮಗಳು, "ಅಜ್ಜಿ, ಇಟ್ ಈಸ್ ಫೈಟಿಂಗ್ ಬ್ಯಾಕ್!" ಎಂದಳು. ಚಿಕ್ಕಮ್ಮ ಖುಷಿಯಿಂದ ಅವಳಿಗೆ ಇನ್ನೆರಡು ತುಂಡು ಬಡಿಸಿದರು.

ಕೊಲಾಜನ್ ಪುಡಿ ತಂದುಕೊಟ್ಟರೆ ಹಿಂದಕ್ಕೆ ಕಳಿಸಿದರು. "ಕತ್ತರಿಸುವವನು ಒಳಗೇ ಇರುವಾಗ ನಾರು ತುಂಬಿಸಿ ಎಂತ ಮಾಡುವುದು? ಮೊದಲು ಅವನ ಕೈ ಕಟ್ಟಬೇಕು!" ಹಾಗೆಂದು ಗ್ರೀನ್ ಟೀ ಶುರುವಾಯಿತು, ದಿನಕ್ಕೆ ಎಂಟು ಲೋಟ. ಅದು ಕಿಣ್ವವನ್ನು ತಡೆಯುವುದು ಟೆಸ್ಟ್ ಟ್ಯೂಬಿನಲ್ಲಿ, ಮಂಡಿಯಲ್ಲಿ ತಡೆಯುತ್ತದೆಂದು ಹೇಳಲಾಗದು ಎಂದು ಡಾಕ್ಟರು ಅಂದರೆ, "ಒಂದು ಗಾಜಿನ ಕೊಳವೆಯಿಂದ ಆಗುವುದು ನನ್ನಿಂದ ಆಗುವುದಿಲ್ವಾ?" ಎಂದು ಅವರನ್ನೇ ಗದರಿಸಿದರು.

ಕಳೆದ ತಿಂಗಳ ಒಂದು ಸಂಜೆ, ನನ್ನೆದುರೇ, ಚಿಕ್ಕಪ್ಪನನ್ನು ಎಬ್ಬಿಸಲು ಬಗ್ಗಿದ ಚಿಕ್ಕಮ್ಮನ ಮಂಡಿ ಮಡಚಿಕೊಂಡಿತು. ಅವರು ಕುರ್ಚಿಯ ಬುಡದಲ್ಲೇ ಕುಸಿದರು. ನಾನು ಓಡಿದೆ.

"ಹತ್ತಿರ ಬಂದ್ರೆ ಜಾಗ್ರತೆ! ನಾನೇ ಏಳ್ತೇನೆ."

ಏಳಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿದರು. ಆಗ ಚಿಕ್ಕಪ್ಪ ಕುರ್ಚಿಯಲ್ಲೇ ಮುಂದಕ್ಕೆ ಸರಿದು ಎಡಗೈ ಚಾಚಿದರು. ಹಿಡಿದ ಮೇಲೆ ಬಿಡಲಿಲ್ಲ. ಮುಖ ಕೆಂಪಾಗುವಷ್ಟು ಬಲ ಹಾಕಿ ಹೆಂಡತಿಯನ್ನು ಎಳೆದು ನಿಲ್ಲಿಸಿದರು.

ಚಿಕ್ಕಮ್ಮ ಆ ಕೈಯನ್ನೇ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, ಜಗಳಕ್ಕೆ ನಿಂತವರ ದನಿಯಲ್ಲೇ ಹೇಳಿದರು:

"ಎಂತ ನೋಡ್ತೀಯಾ? ಡಾಕ್ಟರಿಗೆ ಫೋನ್ ಮಾಡು. ಮಂಡಿ ಬದಲಿಸಲಿ. ಅಷ್ಟು ದಿನ ನನ್ನನ್ನು ಇವರು ನೋಡಿಕೊಳ್ತಾರೆ."