ಕಾಕಾನ ಹಿಂದಿನ ಸ್ಪೀಕರ್

ಪುಣೆ ಹತ್ತಿರದ ನಿಗಡಿಯ ನಮ್ಮ ಕಾಕಾನ ಮನೆಯಲ್ಲಿ ಹಾಡು ಕೇಳುವವರು ತಲೆದೂಗುವಂತಿಲ್ಲ! ಬೇರೆಲ್ಲ ಕಡೆ ತಲೆದೂಗಿದವನನ್ನು ರಸಿಕ ಅನ್ನುತ್ತಾರೆ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಅಂಥವನ ಹೆಗಲು ಅದುಮಿ ಹಿಡಿದು, "ಅಳ್ಳಾಡಬ್ಯಾಡ್ರೀ, ಸಾರಂಗಿ ಜಾಗಾ ಬಿಡತದ!" ಎಂದು ಗದರುತ್ತಾರೆ. ಸಾರಂಗಿಗೆ ಜಾಗವಂತೆ! ಎರಡು ಕೋಣೆಯ ಆ ಫ್ಲ್ಯಾಟಿನಲ್ಲಿ ಮನುಷ್ಯರಿಗೇ ಜಾಗವಿರಲಿಲ್ಲ.

ಕಾಕಾ ಮೂಲ ಧಾರವಾಡದವರು, ಆಕುರ್ಡಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ತೊಂಬತ್ತರ ದಶಕವಿಡೀ ಒಂದು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಸುಖವಾಗಿದ್ದ ಪ್ರಾಣಿ. ಹೊಸ ಶತಮಾನ ಬಂದದ್ದೇ ಬಂದದ್ದು, ಒಂದು ದಿನ ಇಸ್ತ್ರಿಪೆಟ್ಟಿಗೆ ತರುತ್ತೇನೆಂದು ಪುಣೆಯ ಕ್ಯಾಂಪ್ ಪೇಟೆಗೆ ಹೋದವರು ಐದು ಸ್ಪೀಕರು, ಒಂದು ಧಡೂತಿ ಡಬ್ಬ ಹೊತ್ತು ತಂದರು. ಹಳೆಯ ಹಾಡುಗಳನ್ನೇ ಹೊಸದಾಗಿ ಮಿಕ್ಸ್ ಮಾಡಿ, ಹಾಡುವವರನ್ನು ಮುಂದೆ, ತಬಲಾದವನನ್ನು ಪಕ್ಕಕ್ಕೆ, ಕೊಳಲಿನವನನ್ನು ನಮ್ಮ ಬೆನ್ನ ಹಿಂದೆ ಕೂಡಿಸಿದ ಡಿವಿಡಿಗಳು ಆಗ ಬರತೊಡಗಿದ್ದವು. ಅಂಗಡಿಯವನು ಅಂಥದೊಂದನ್ನು ಕೇಳಿಸಿದನಂತೆ. ಮುಗೀತಲ್ಲ ಕಥೆ! ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಇವತ್ತಿಗೂ ಸೀರೆಗಳನ್ನು ಮಡಚಿ ಹಾಸಿಗೆಯಡಿ ಇಟ್ಟೇ ಗೆರೆ ಕೂಡಿಸುತ್ತಾಳೆ.

ಮುಂದಿನ ಮೂರು ಸ್ಪೀಕರುಗಳಿಗೆ ಟಿವಿಯ ಅಕ್ಕಪಕ್ಕ ಜಾಗ ಸಿಕ್ಕಿತು. ಹಿಂದಿನವೆರಡರದೇ ಪೇಚಾಟ. ಒಂದನ್ನು ದೇವರ ಗೂಡಿನ ಮೇಲೆ ಇಟ್ಟಿದ್ದೇ ತಡ, ಕಾಕು ಲಟ್ಟಣಿಗೆ ಹಿಡಿದೇ ಹೊರಬಂದಳು.

"ದೇವರ ತಲಿ ಮ್ಯಾಲೆ ಢೋಲ ಬಾರಸ್ತೀರೇನ್ರೀ?"

"ಅಲ್ಲಾ, ದೇವರೂ ಒಂದೀಟು ಕೇಳ್ಲಿ ಅಂತ..."

ಕೊನೆಗೆ ಒಂದು ಅಡಿಗೆಮನೆಯ ಬಾಗಿಲ ಮೇಲೆ ಹೋಯಿತು, ಇನ್ನೊಂದು ಫ್ರಿಜ್ಜಿನ ನೆತ್ತಿ ಏರಿತು. ಇನ್ನು ಕುರ್ಚಿ. ಐದೂ ಸ್ಪೀಕರುಗಳ ದನಿ ಸರಿಯಾಗಿ ಬಂದು ಸೇರುವ ಜಾಗ ಇಡೀ ಮನೆಗೆ ಒಂದೇ ಒಂದಂತೆ. ಅಲ್ಲೊಂದು ಬೆತ್ತದ ಕುರ್ಚಿ ಹಾಕಿ, ಅದರ ಕಾಲು ಎಲ್ಲೆಲ್ಲಿ ಊರಬೇಕೆಂದು, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ನೇಲ್‌ಪಾಲಿಶ್‌ನಿಂದ ಫರಸಿಯ ಮೇಲೆ ಕೆಂಪು ಬೊಟ್ಟು ಇಟ್ಟರು. ಕಸ ಗುಡಿಸುವಾಗ ಕುರ್ಚಿ ಬೊಟ್ಟು ಬಿಟ್ಟು ಸರಿದರೆ ಮುಗಿಯಿತು, ಆ ದಿನವಿಡೀ ಕಾಕಾನ ಮುಖ ಗಂಟು!

ಮನೆಗೆ ಬಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು, ಚಹಾ. ಸಂಕ್ರಾಂತಿಗೆ ಕಾಕು ಹಳದಿ-ಕುಂಕುಮಕ್ಕೆ ಕರೆದಾಗಲೂ ಬಿಡಬೇಕೇ? ಕಾಕು ಒಬ್ಬೊಬ್ಬರಿಗೆ ಕುಂಕುಮ ಹಚ್ಚಿ ಕಳಿಸುವುದು, ಕಾಕಾ ಹಿಡಿದು ಕುರ್ಚಿಗೆ ಕೂಡಿಸುವುದು. ಮೇಲಿನ ಮಹಡಿಯ ಮರಾಠಿ ಬಾಯಿ ಹಿಂದಿನಿಂದ ಢೋಲಕ್ ಬಡಿದ ಸದ್ದಿಗೆ "ಅಗಂಬಾಯಿ!" ಎಂದು ಹಾರಿಬಿದ್ದು, ಕೈಯಲ್ಲಿದ್ದ ಎಳ್ಳು-ಬೆಲ್ಲವನ್ನೆಲ್ಲ ಮನೆತುಂಬ ಚೆಲ್ಲಿದರು. "ಬೆಚ್ಚಿದರಲ್ಲಾ? ಅಂದ್ರ ಸ್ಪೀಕರ್ ಖರೇನ ಛಲೋ ಅವ!" ಎಂದು ಕಾಕಾ ಚಪ್ಪಾಳೆ ತಟ್ಟಿದರು.

ಆದರೆ ಎಲ್ಲಕ್ಕೂ ಕಳಸವಿಟ್ಟಂಥ ಪ್ರಸಂಗ ಬೆಳಗಾವಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರದು. ಕಣ್ಣು ಮುಚ್ಚಿ ಕೂತ ಮನುಷ್ಯ ಇದ್ದಕ್ಕಿದ್ದಂತೆ, "ವಾಹ್! ಹಿಂದ ಅದು ಚಟಪಟಾ ಅಂತದಲ್ರೀ, ಏನ ಎಫೆಕ್ಟು!" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅದು ಕಾಕು ಸಾರಿಗೆ ಹಾಕುತ್ತಿದ್ದ ಸಾಸಿವೆಯ ಒಗ್ಗರಣೆ! ಅಷ್ಟಕ್ಕೇ ನಿಲ್ಲಿಸಿದರೇ? ಮೂಗು ಅರಳಿಸಿ, "ಇಂಗಿನ ವಾಸನೀನೂ ಬರತದಲ್ರೀ ಇದರಾಗ!" ಎಂದುಬಿಟ್ಟರು. ಕಾಕಾ ಗಂಭೀರವಾಗಿ "ಹೌದ್ರಿ, ಹೊಸಾ ಟೆಕ್ನಿಕ್" ಎಂದರು.

ಹೀಗೆ ಪೋಸ್ಟಿನವನು, ಗ್ಯಾಸಿನವನು ಎಲ್ಲರೂ ಕೂತೆದ್ದು ಹೋದ ಆ ಕುರ್ಚಿಯಲ್ಲಿ ಕೂಡದೆ ಉಳಿದವಳು ಕಾಕು ಒಬ್ಬಳೇ. ಕಾಕಾ ಎಷ್ಟು ಗೋಗರೆದರೂ ಅವಳದು ಒಂದೇ ಮಾತು.

"ನಾ ಕೂತ್ರ ರೊಟ್ಟಿ ಯಾರು ಬಡೀತಾರ? ನಿಮ್ಮ ಸಾರಂಗಿಯಾಂವ ಬಡೀತಾನೇನು?"

"ಊರ ಮಂದಿ ಛಲೋ ಅದ ಅಂದ್ರ ಏನ ಬಂತು? ನೀ ಒಂದ ಹಾಡು ಪೂರ್ತಿ ಕೂತು ಕೇಳು. ನೀ ಹೇಳಿದ್ರ ನಾ ನಂಬತೀನಿ."

ಒಮ್ಮೆ ಕೂತಳು ಕೂಡ. ಪಲ್ಲವಿ ಮುಗಿಯುವ ಮೊದಲೇ "ಅಯ್ಯ, ಹಾಲು!" ಎಂದು ಎದ್ದು ಓಡಿದಳು. ನಾವೆಲ್ಲ ನಕ್ಕೆವು. ಕಾಕಾನೂ ನಕ್ಕರು, ಆದರೆ ಮುಖ ಮಾತ್ರ ಸಣ್ಣದಾಗಿತ್ತು.

ಮಗಳ ಎರಡನೆಯ ಬಾಣಂತನಕ್ಕೆ ಕಾಕು ಹುಬ್ಬಳ್ಳಿಗೆ ಹೋದಳು. ಕೆಲವು ವಾರಗಳಾಗಿರಬೇಕು, ಕಾಕಾನ ಫೋನು ಬಂತು. "ಲಗೂನ ಬಾರೋ. ಹಿಂದಿನ ಸ್ಪೀಕರ್ ಹೋಗ್ಯಾವ!"

ಹೋಗಿ ನೋಡಿದರೆ ಮೆಕ್ಯಾನಿಕ್ ಸ್ಟೂಲು ಹತ್ತಿ ನಿಂತಿದ್ದ. "ಸಗಳಂ ಠೀಕ್ ಆಹೆ, ಕಾಕಾ," ಎಲ್ಲ ಸರಿಯಾಗೇ ಇದೆ ಎಂದು ಬೇಸತ್ತು ಹೇಳಿ, ಇಳಿದು ಹೊರಟೇಹೋದ.

"ಠೀಕ್ ಹೆಂಗ ಆಗತದೋ? ಹಿಂದೆಲ್ಲಾ ಖಾಲಿ ಖಾಲಿ ಅನಸತದ" ಎಂದರು ಕಾಕಾ. ಗಡ್ಡ ಬೆಳೆದಿತ್ತು. ವೈರುಗಳನ್ನೆಲ್ಲ ಬದಲಿಸಿದ್ದರು, ಕುರ್ಚಿಯನ್ನು ಹತ್ತು ಕಡೆ ಸರಿಸಿ ನೋಡಿ ನೆಲದ ತುಂಬ ಕೆಂಪು ಬೊಟ್ಟು ಇಟ್ಟಿದ್ದರು. "ನೀನರ ಕೂತು ಕೇಳು."

ಕೂತೆ. ಕೊಳಲು ಬೆನ್ನ ಹಿಂದಿನಿಂದಲೇ ಬಂತು. ಢೋಲಕ್ಕೂ ಬಂತು. ಆದರೂ ಕಾಕಾ ಹೇಳಿದ್ದು ಸುಳ್ಳಲ್ಲ, ಏನೋ ಇಲ್ಲ ಅನಿಸಿತು. ಆ ಮನೆಯ ಕಾನೂನು ಮುರಿದು ಹಿಂದಕ್ಕೆ ತಿರುಗಿ ನೋಡಿದೆ. ಅಡಿಗೆಮನೆಯಲ್ಲಿ ದೀಪವಿರಲಿಲ್ಲ. ಒಗ್ಗರಣೆ ಸೌಟು ಗೋಡೆಯ ಮೊಳೆಗೆ ಒಣಗಿ ನೇತಾಡುತ್ತಿತ್ತು. ಕಾಕಾ ಊಟವನ್ನು ಹೊರಗಿನಿಂದ ಡಬ್ಬಿಯಲ್ಲಿ ತರಿಸುತ್ತಿದ್ದರು.

"ಕಾಕಾ, ಸ್ಪೀಕರ್ ಏನೂ ಕೆಟ್ಟಿಲ್ಲ" ಎಂದೆ. "ಕಾಕು ಊರಾಗಿಲ್ಲ, ಅಷ್ಟ."

ಕಾಕಾ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು. "ಹೌದಲ್ಲೋ" ಎಂದರು ಮೆಲ್ಲಗೆ. "ಅಕಿ ಬಳೀ ಸಪ್ಪಳ ಸುದ್ದಾ ಬರತಿತ್ತು ನೋಡು." ಇಷ್ಟು ವರ್ಷ ಅವರನ್ನು ಗೇಲಿ ಮಾಡುತ್ತಲೇ ಬಂದ ನಾನು ಅಂದು ಎದ್ದು ಹೋಗಿ ಅಡಿಗೆಮನೆಯ ದೀಪ ಹಾಕಿದೆ.

ಕಾಕು ಮರಳಿ ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಅವಳನ್ನು ಕರೆತಂದವನು ನಾನೇ. ಚೀಲ ಕೆಳಗಿಡಲೂ ಬಿಡದೆ ಕಾಕಾ ಅವಳ ಕೈ ಹಿಡಿದು ಕುರ್ಚಿಗೆ ಕೂಡಿಸಿದರು. "ಏಳಬ್ಯಾಡ ನೀ!" ಎಂದು, ನನಗೆ ಹಾಡು ಹಚ್ಚಲು ಸನ್ನೆ ಮಾಡಿ, ತಾವು ಅಡಿಗೆಮನೆ ಹೊಕ್ಕರು.

ಹಾಡು ಶುರುವಾಯಿತು. ಹಿಂದಿನಿಂದ ಕೊಳಲು ಬಂತು. ಅದರ ಬೆನ್ನಿಗೇ ಡಬ್ಬಿಯೊಂದು ದಡಾರನೆ ಬಿದ್ದ ಸದ್ದು. ಆಮೇಲೆ ಸಾಸಿವೆ ಚಟಪಟ! ಆಮೇಲೆ ಹೊಗೆ, ಘಾಟು, ಕಾಕಾನ ಕೆಮ್ಮು.

"ರೀ, ನಿಮ್ಮ ಹಿಂದಿನ ಸ್ಪೀಕರ್ ಹೊತ್ತೇದ ನೋಡ್ರಿ!" ಎಂದಳು ಕಾಕು.

"ತಲಿ ಅಳ್ಳಾಡಸಬ್ಯಾಡ! ಹೆಂಗ ಅದ, ಅದನ್ನ ಹೇಳು!"

"ಛಲೋ ಅದರಿ."

ಹಾಲು ಉಕ್ಕುವ ಮೊದಲೇ ಎದ್ದು ಓಡುವ ಕಾಕು, ಹಿಂದೆ ಒಗ್ಗರಣೆಯೆಲ್ಲ ಸೀದು ಕರಕಲಾಗುತ್ತಿದ್ದರೂ, ಹಾಡು ಮುಗಿಯುವ ತನಕ ತಲೆ ಅಲ್ಲಾಡಿಸದೆ ಕೂತೇ ಇದ್ದಳು.